ತಪಾಸಣೆಯ ದಿನದ ಮಂಚ

ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು. ಸುರೇಬಾನದ ಸಮೀಪದ ನಮ್ಮೂರಲ್ಲಿ, ಬಸ್ಸು ನಿಲ್ಲುವ ಜಾಗದ ಎದುರು ನನ್ನ ಸೈಕಲ್ ಅಂಗಡಿ. ಊರಿನ ಸರ್ಕಾರಿ ದವಾಖಾನೆಗೆ ಸದಾ ಬೀಗ. ಹಳ್ಳಿಗಳಿಗೆ ಡಾಕ್ಟರು ಸಾಲುತ್ತಿಲ್ಲವೆಂದು ತೊಂಬತ್ತರ ದಶಕದಲ್ಲಿ ಹೊಸ ಮೆಡಿಕಲ್ ಕಾಲೇಜೊಂದನ್ನು ತೆರೆದರು. ನನ್ನ ತಂಗಿಗೆ ಅಲ್ಲಿ ಸೀಟು ಸಿಕ್ಕಿತು.

ಒಮ್ಮೆ ಆಕೆಗೆ ರೊಟ್ಟಿಗಂಟು ಕೊಡಲು ಹೋದಾಗ ಕಾಲೇಜಿನ ಆಸ್ಪತ್ರೆಯ ಜವಾನ ನನ್ನ ತೋಳು ಹಿಡಿದ.

"ಅಣ್ಣಾರ, ಮಧ್ಯಾಹ್ನದತನಕ ಈ ಕಾಟಿನ ಮ್ಯಾಲ ಮಲಗ್ರಿ. ಕಾಲೇಜಿನ ತಪಾಸಣಿಗೆ ಸಾಹೇಬ್ರು ಬರತಾರ, ಮಂಚ ತುಂಬಿರಬೇಕ್ರಿ. ಊಟ ಐತಿ."

"ನನಗೇನೂ ಆಗಿಲ್ಲೋ ಮಾರಾಯಾ."

"ಇಲ್ಲಿ ಯಾರಿಗೂ ಏನೂ ಆಗಿಲ್ರಿ. ಸುಮ್ನ ಹೊದ್ಕೋರಿ."

ಮಲಗಿದೆ. ಸಾಲಿನ ಮಂಚಗಳಲ್ಲೆಲ್ಲ ನನ್ನಂಥವರೇ. ಒಬ್ಬ ಹೊದಿಕೆಯೊಳಗೇ ಚುರುಮುರಿ ತಿನ್ನುತ್ತಿದ್ದ. ರೋಗಿಗಳೇ ಸುಳ್ಳಾದರೆ ಇವರು ಕಲಿಯುವುದು ಯಾರ ಮೇಲೆ? ಅಂದು ಹೊಕ್ಕ ಸಂಶಯ ಮನಸ್ಸು ಬಿಟ್ಟು ಹೋಗಲಿಲ್ಲ. ತಂಗಿಯನ್ನು ಕೇಳಲಿಲ್ಲ, ಅಂಗಡಿಗೆ ಬಂದವರಿಗೆಲ್ಲ ಮಂಚದ ಕಥೆ ಹೇಳಿ ನಗಿಸಿದೆ.

ಓದು ಮುಗಿಸಿ ಆಕೆ ನಮ್ಮೂರ ದವಾಖಾನೆಯನ್ನೇ ಕೇಳಿ ಪಡೆದು ಬಂದಳು. ನಮ್ಮ ಕಡೆ ಡಾಕ್ಟರ ಓದಿಗಿಂತ ಕೈಗುಣ ದೊಡ್ಡದು. ಅದನ್ನು ಮೊದಲು ಮನೆಯವರು ನೋಡಬೇಕು, ಆಮೇಲೆ ಊರು. ಎಲ್ಲರ ಕಣ್ಣು ನನ್ನ ಮೇಲಿತ್ತು. ಮಗಳಿಗೆ ಜ್ವರ ಬಂದಾಗ ನಾನು ಅವಳನ್ನು ಹೆಗಲಿಗೆ ಹಾಕಿಕೊಂಡು, ದವಾಖಾನೆಯ ಮುಂದೆಯೇ ಹಾಯ್ದು ರಾಮದುರ್ಗದ ಬಸ್ಸು ಹತ್ತಿದೆ.

"ಯಾಕೋ, ತಂಗಿ ದವಾಖಾನ್ಯಾಗ ಮಂಚ ಖಾಲಿ ಇರಲಿಲ್ಲೇನು?" ಎಂದ ಒಬ್ಬ. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ.

ಅಂದಿನಿಂದ ಕೆಮ್ಮಿನವರು, ಬಸುರಿಯರು ಎಲ್ಲರೂ ಅದೇ ಬಸ್ಸಿಗೆ ನಿಂತರು. ಒಂದು ಸಂಜೆ ಆಕೆ ಅಂಗಡಿಗೆ ಬಂದಳು.

"ಅಣ್ಣಾ, ನೀ ಹೇಳೂ ಮಂಚದ ಮಾತು ಖರೇನ ಐತಿ. ಅದಕ್ಕ ನಾವು ಕಲಿಯಾಕ ಜಿಲ್ಲಾ ಆಸ್ಪತ್ರಿಗೆ ಹೋಗತಿದ್ವಿ. ಹೆರಿಗಿ ವಾರ್ಡಿನ್ಯಾಗ ಕುಂದ್ರಾಕ ಪುರಸೊತ್ತು ಇರತಿರಲಿಲ್ಲ. ನನ್ನ ಒಂದ ಮಾತು ಕೇಳಬೇಕಿತ್ತಲ್ಲ."

ನಾನು ನಟ್ಟು ಬಿಚ್ಚುವ ಪಾನಾ ಹುಡುಕುವವನಂತೆ ತಲೆ ತಗ್ಗಿಸಿಕೊಂಡೇ ಇದ್ದೆ.

ಆಕೆ ಬೈಲಹೊಂಗಲಕ್ಕೆ ವರ್ಗ ಮಾಡಿಸಿಕೊಂಡಳು. ದವಾಖಾನೆಗೆ ಮತ್ತೆ ಬೀಗ ಬಿತ್ತು.

ಮುಂದೆ ಎದೆನೋವು ಕಾಣಿಸಿಕೊಂಡಾಗ ನಾನು ಹೋದದ್ದು ಬೈಲಹೊಂಗಲಕ್ಕೆ, ಆಕೆಯ ದವಾಖಾನೆಗೇ. ಪಾಳಿಯಲ್ಲಿ ನೇಸರಗಿಯ ಮುದುಕಿಯೊಬ್ಬಳು ಪಕ್ಕ ಕುಳಿತಿದ್ದಳು; ನನ್ನ ಊರು ಯಾವುದೆಂದು ಕೇಳಿ ತಿಳಿದುಕೊಂಡಳು.

"ಈ ಡಾಕ್ಟರಬಾಯಾರ ಕೈಗುಣ ಭಾಳ ಚೊಲೊ ಐತಿ. ಅಷ್ಟ ದೂರದಿಂದ ಬಂದೀಯಲ್ಲ ತಮ್ಮಾ, ನಿಮ್ಮೂರಾಗ ಡಾಕ್ಟರಿಲ್ಲೇನು?"

"ಇದ್ರು," ಎಂದೆ.