ನಾಲ್ಕು ಉತ್ತರ ಕೊಡದ ಆ್ಯಪ್

ನನಗೆ ನಲವತ್ತೆಂಟು ತುಂಬಿದ ವರ್ಷ, ನಾನು ನರ್ಸ್ ಆಗಿರುವ ಸಿರುಗುಪ್ಪದ ಹೆರಿಗೆ ವಾರ್ಡಿನಲ್ಲಿ ಒಂದು ಔಷಧದ ಹೆಸರು ಮರೆತೆ. ಫಿಟ್ಸ್ ತಡೆಯಲು ಕೊಟ್ಟ ಇಂಜೆಕ್ಷನ್ನಿಂದ ಬಾಣಂತಿಯೊಬ್ಬಳ ಉಸಿರು ನಿಧಾನವಾಗಿತ್ತು. ಅದರ ಪರಿಣಾಮ ಇಳಿಸುವ ಔಷಧ ತರಲು ಡಾಕ್ಟರು ಕೂಗಿದರು. ಇಪ್ಪತ್ತು ವರ್ಷ ನನ್ನ ಕೈಯಲ್ಲೇ ಓಡಾಡಿದ ಔಷಧ. ಬೀರು ತೆರೆದೆ, ಯಾವುದನ್ನು ತೆಗೆಯಬೇಕೆಂದು ಹೊಳೆಯಲಿಲ್ಲ. ಕಿರಿಯ ನರ್ಸ್ ಹಿಂದಿನಿಂದ ಕೈ ಚಾಚಿ ಅದನ್ನು ತೆಗೆದುಕೊಂಡು ಓಡಿದಳು. ಬಾಣಂತಿ ಚೇತರಿಸಿಕೊಂಡಳು.

ಆ ಭಾನುವಾರ ಕುರುಗೋಡಿನ ಅಣ್ಣನ ಮನೆಗೆ ಹೋದೆ. ಅವ್ವ ನನ್ನ ಮುಖ ನೋಡಿ, "ನೀ ಯಾರ ಮಗಳವ್ವಾ?" ಅಂದಳು. ಅವಳದು ಮರೆವಿನ ಕಾಯಿಲೆ. ಅವಳಿಗೂ ಮೊದಲು ತಪ್ಪಿದ್ದು ಸಾಮಾನುಗಳ ಹೆಸರೇ.

ನಾನು ಯಾರಿಗೂ ಹೇಳಲಿಲ್ಲ. ಓದಿದ್ದು ನೆನಪಿರಲೆಂದು ಫೋನಿಗೆ ಔಷಧಗಳ ಬಗ್ಗೆ ಪ್ರಶ್ನೆ-ಉತ್ತರದ ಕಾರ್ಡುಗಳ ಆ್ಯಪ್ ಒಂದನ್ನು ಹಾಕಿಕೊಂಡೆ. ನನ್ನ ಮನೆಯಿರುವ ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ಬಸ್ಸಿನಲ್ಲಿ ಅದೇ ಕೆಲಸ. ಒಂದು ಪ್ರಶ್ನೆ, ಕೆಳಗೆ ನಾಲ್ಕು ಉತ್ತರ. ಸರಿಯಾದದ್ದನ್ನು ಒತ್ತಿದರೆ ಪರದೆ ತುಂಬ ಹೂವು. ಎರಡು ವಾರದಲ್ಲಿ ಒಂದೂ ತಪ್ಪುತ್ತಿರಲಿಲ್ಲ. ನೆಮ್ಮದಿಯಿಂದ ಕಿರಿಯ ನರ್ಸಿಗೆ ತೋರಿಸಿದೆ. ಅವಳು ಉತ್ತರಗಳ ಮೇಲೆ ಅಂಗೈ ಮುಚ್ಚಿದಳು.

"ಈಗ ಹೇಳ್ರಿ ಅಕ್ಕ."

ನಾನು ಅವಳ ಬೆರಳ ಸಂದಿಯಲ್ಲಿ ಇಣುಕಿದೆ.

"ಪೇಷಂಟ್ ಮುಂದ ನಾಕು ಉತ್ರ ಯಾರು ಕೊಡ್ತಾರ? ಬ್ಯಾರೆ ಆ್ಯಪ್ ಐತಿ, ಹಾಕಿಕೊಡ್ತೀನಿ ತಡೀರಿ."

ಅವಳು ಹಾಕಿಕೊಟ್ಟದ್ದು ಬರೀ ಬೂದು ಪರದೆ. ಉತ್ತರ ನಾನೇ ಮನಸ್ಸಿನಲ್ಲಿ ಹೇಳಿಕೊಂಡು ಕಾರ್ಡು ತಿರುಗಿಸಬೇಕು. ನೆನಪಾದ ಕಾರ್ಡು ವಾರ, ತಿಂಗಳು ಬಿಟ್ಟು ಮತ್ತೆ ಬರುತ್ತದೆ. ಮರೆತದ್ದು ನಾಳೆಯೇ ಬರುತ್ತದೆ. ಮೊದಲ ದಿನ ಮೂವತ್ತರಲ್ಲಿ ಹತ್ತೊಂಬತ್ತು ಮರೆತಿದ್ದೆ. ಎರಡು ದಿನ ಮತ್ತೆ ಹೂವಿನ ಆ್ಯಪಿಗೇ ಓಡಿಹೋದೆ. ಮೂರನೆಯ ದಿನ ರಾರಾವಿಯ ಒಬ್ಬ ಚೊಚ್ಚಲ ಬಸುರಿಯನ್ನು ಕರೆತಂದರು. ಅವಳು ನನ್ನ ಕೈ ಬಿಗಿಯಾಗಿ ಹಿಡಿದು, "ನೀವು ಅದೀರಲ್ಲ ಸಿಸ್ಟರ್, ನನಗೇನೂ ಆಗಂಗಿಲ್ಲ" ಅಂದಳು. ಅವಳ ಹೆರಿಗೆ ಸುಸೂತ್ರವಾಯಿತು. ಹೊರಗೆ ಬಂದವಳೇ ಹೂವಿನ ಆ್ಯಪ್ ಅಳಿಸಿಹಾಕಿದೆ.

ತಿಂಗಳು ಕಳೆಯುವಷ್ಟರಲ್ಲಿ ಮರೆತವು ಐದಾರಕ್ಕೆ ಇಳಿದವು. ಆದರೂ ಪ್ರತಿ ಕಾರ್ಡು ತಿರುಗಿಸುವಾಗ ಅವ್ವನ ಮುಖವೇ ಎದುರಿಗೆ ಬರುತ್ತಿತ್ತು. ನಾನು ಪರೀಕ್ಷಿಸಿಕೊಳ್ಳುತ್ತಿದ್ದುದು ಔಷಧಗಳನ್ನಲ್ಲ ಎಂದು ಕೊನೆಗೆ ಒಪ್ಪಿಕೊಂಡು, ಬಳ್ಳಾರಿಯಲ್ಲಿ ನರರೋಗದ ಡಾಕ್ಟರ ಹತ್ತಿರ ಹೋದೆ.

"ಸದ್ಯಕ್ಕೇನೂ ಕಾಣವಲ್ದು. ನಿದ್ದಿ ಕಮ್ಮಿ ಆಗೈತಿ. ವರ್ಷಕ್ಕೊಮ್ಮೆ ತೋರಿಸ್ರಿ. ಇಷ್ಟು ದಿನ ಯಾಕ ಬರಲಿಲ್ಲ?" ಎಂದು ಅವರು ಕೇಳಿದರು.

"ಅಂಜಿಕಿ ಸರ್" ಅಂದೆ. ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.