ದೊಡ್ಡಮ್ಮ ಹೇಳದ ಹೆಸರು

ಮುಟ್ಟಳ್ಳಿಯ ನನ್ನ ದೊಡ್ಡಮ್ಮ ಗಂಡನ ಹೆಸರು ಹೇಳುವವಳಲ್ಲ. ಹೇಳಿದರೆ ಗಂಡನ ಆಯುಸ್ಸು ಕಡಿಮೆಯಾಗುತ್ತದೆಂದು ಅವಳ ಅಮ್ಮ ಹೇಳಿಕೊಟ್ಟಿದ್ದಳಂತೆ. ರೇಷನ್ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ಯಾರಾದರೂ ಕೇಳಿದರೆ ನನ್ನ ಪಕ್ಕೆಗೆ ತಿವಿಯುತ್ತಿದ್ದಳು. ಅವಳ ಪರವಾಗಿ ನಾನು ಹೇಳಬೇಕು. ನಾನೋ, ಬೇಕೆಂದೇ ಬಾಯಿ ಮುಚ್ಚಿಕೊಂಡು ನಿಂತು ಅವಳು ಪೇಚಾಡುವುದನ್ನು ನೋಡಿ ನಗುತ್ತಿದ್ದೆ.

ದೊಡ್ಡಪ್ಪ ಸೈನ್ಯದಲ್ಲಿದ್ದ. ಶಾಂತಿಪಡೆಯ ಜೊತೆ ಶ್ರೀಲಂಕೆಯ ಯುದ್ಧಕ್ಕೆ ಹೋದವನು ಬರಲಿಲ್ಲ, ಹೆಣವೂ ಬರಲಿಲ್ಲ. ಸತ್ತನೆಂದು ಸರ್ಕಾರ ಹೇಳಿತು, ಊರೂ ಹೇಳಿತು. ದೊಡ್ಡಮ್ಮ ಮಾತ್ರ ಕುಂಕುಮ ಅಳಿಸಲಿಲ್ಲ. ಯಾರಾದರೂ ಬುದ್ಧಿ ಹೇಳಲು ಬಂದರೆ, "ನಿಂಗೆ ಎಂತ ಗೊತ್ತು?" ಎಂದು ತೆಂಗಿನ ಮಡಲು ಎಳೆದುಕೊಂಡು ಹಿತ್ತಲಿಗೆ ನಡೆಯುತ್ತಿದ್ದಳು. ಮದುವೆಯಾಗಿ ಒಂದು ಮಳೆಗಾಲವೂ ಜೊತೆಗಿರದವನಿಗಾಗಿ ಇಷ್ಟು ಕಾಯುವುದೇ ಎಂದು ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟಿನ ಜೊತೆ ಅವನ ಮೇಲೆ ಒಂಚೂರು ಹೊಟ್ಟೆಕಿಚ್ಚೂ ಇತ್ತು, ಸುಳ್ಳೇಕೆ ಹೇಳಲಿ.

ಮೊನ್ನೆ ಮೊನ್ನೆ ಕುಮಟೆಯಲ್ಲಿ, ಹೊರದೇಶದ ಯುದ್ಧಗಳಲ್ಲಿ ಮಡಿದ ನಮ್ಮ ಕಡೆಯ ಸೈನಿಕರಿಗೆ ಸ್ಮಾರಕ ಕಟ್ಟಿದರು. ಮನೆಯವರು ಬಂದು, ಮೈಕಿನಲ್ಲಿ ತಮ್ಮವರ ಹೆಸರು ಹೇಳಿ ಹೂ ಇಡಬೇಕೆಂದು ತಿಳಿಸಿದ್ದರು. ಹೆಸರು ಹೇಳುವುದೆಂದರೆ ಗಂಡ ಇಲ್ಲವೆಂದು ಅವಳೇ ಒಪ್ಪಿಕೊಂಡಂತೆ. ಹಾಗಾಗಿ ಬರಲಿಕ್ಕಿಲ್ಲ ಅಂದುಕೊಂಡಿದ್ದೆ. ಆದರೆ ದೊಡ್ಡಮ್ಮ, "ಆತು, ಹೋಗ್ವ" ಅಂದುಬಿಟ್ಟಳು.

ಬಸ್ಸು ಹೊನ್ನಾವರದ ಸೇತುವೆ ಹತ್ತಿದಾಗ ಶರಾವತಿಯ ಮೇಲೆ ಮಂಜು ಕೂತಿತ್ತು. ಹೊಳೆ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಒಂದೂ ತಿಳಿಯದು. ನಾವು ಎಲ್ಲಿಗೂ ಹೋಗದೆ ಸುಮ್ಮನೆ ತೇಲುತ್ತಿದ್ದೇವೆ ಅನ್ನಿಸಿ, ಹಾಗೇ ಇದ್ದುಬಿಟ್ಟರೆ ಸಾಕಪ್ಪಾ ಎಂದು ಆಸೆಯಾಯಿತು. ದೊಡ್ಡಮ್ಮ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದಳು. ತುಟಿ ಮಾತ್ರ ಅಲ್ಲಾಡುತ್ತಿತ್ತು. ದೇವರ ಸ್ಮರಣೆ ಇರಬೇಕೆಂದುಕೊಂಡೆ.

ಸ್ಮಾರಕದ ಕರಿಕಲ್ಲು ಎಷ್ಟು ನುಣುಪಾಗಿತ್ತೆಂದರೆ, ಕೆತ್ತಿದ ಹೆಸರುಗಳ ನಡುವೆ ನಮ್ಮ ಮುಖವೂ ಮಸುಕಾಗಿ ಕಾಣುತ್ತಿತ್ತು. ದೊಡ್ಡಮ್ಮ ಅದರಲ್ಲಿ ತನ್ನನ್ನೇ ಬಹಳ ಹೊತ್ತು ನೋಡಿಕೊಂಡಳು. ನಮ್ಮ ಸರದಿ ಬಂತು. ಎಂದಿನಂತೆ ನಾನೇ ಹೇಳಬೇಕೆಂದು ಮೈಕಿನ ಮುಂದೆ ಬಾಯಿ ತೆರೆದೆ. ಅವಳು ನನ್ನ ಕೈ ಹಿಡಿದು ತಡೆದಳು.

ಹೇಳಿದಳು. ಗಟ್ಟಿಯಾಗಿ ಅಲ್ಲ; ಅಂಗಳದಲ್ಲಿದ್ದವರನ್ನು ಊಟಕ್ಕೆ ಕರೆಯುವ ಹಾಗೆ. ಮೈಕು ಆ ಹೆಸರನ್ನು ಬಯಲ ತುಂಬ ಹರಡಿತು. ನನಗೆ ದುಃಖ ತಡೆಯಲಾಗಲಿಲ್ಲ, ಬಿಕ್ಕಿಬಿಟ್ಟೆ. ದೊಡ್ಡಮ್ಮ ಹೂ ಇಟ್ಟು, ಸೆರಗು ಸರಿಮಾಡಿಕೊಂಡು, ನನ್ನ ಕಿವಿಯ ಹತ್ತಿರ ಬಾಗಿದಳು.

"ನಾ ಹೆಸ್ರು ಸರಿ ಹೇಳ್ದ್ನನೇ?" ಎಂದು ಕೇಳಿದಳು.