ಹಳೆಯ ಕರ್ನಲ್ ಮತ್ತು ಕಪ್ಪು ಪರದೆ

ಭಾನುವಾರ, ಬೆಳಿಗ್ಗೆ ಆರು ಗಂಟೆ, ಗೋಕಾಕದ ನಮ್ಮ ಮನೆ. ಹಾಜರಿದ್ದವರು ನಾನು, ನನ್ನ ಹೆಂಡತಿ, ಮೂಡಲಗಿಯಿಂದ ಬಂದಿದ್ದ ಅಣ್ಣನ ಮಗಳು ಶೋಭಾ ಮತ್ತು ಮುಖ ಕಪ್ಪಾಗಿಸಿಕೊಂಡ ಕಂಪ್ಯೂಟರ್.

ಹಿಡಕಲ್ ಅಣೆಕಟ್ಟಿನ ನೌಕರಿಯಿಂದ ನಿವೃತ್ತನಾದರೂ ವಾರದ ತಪಾಸಣೆ ನನ್ನನ್ನು ಬಿಟ್ಟಿಲ್ಲ. ಕಾಲುವೆಯ ಗೇಟುಗಳ ಬದಲು ಈಗ ಕಂಪ್ಯೂಟರ್ ನಡೆಸುವ ಲಿನಕ್ಸ್. ಭಾನುವಾರ ಎದ್ದ ಕೂಡಲೇ ಹೊಸ ಕರ್ನಲ್, ಅಂದರೆ ಯಂತ್ರದ ಭಾಗಗಳನ್ನೆಲ್ಲ ಆಳುವ ಮೂಲ ತಂತ್ರಾಂಶ, ಹಾಕುತ್ತೇನೆ. ಹಳೆಯದನ್ನು ಅಳಿಸುತ್ತೇನೆ. ಆಮೇಲೆ ಮತ್ತೆ ಚಾಲೂ ಮಾಡುತ್ತೇನೆ. ಅಂದು ಅಳಿಸಬೇಡ ಎಂದು ಯಂತ್ರ ಎಚ್ಚರಿಸಿತ್ತು. ಕಸ ಇಟ್ಟುಕೊಳ್ಳುವವನು ನಾನಲ್ಲ. ಯಂತ್ರ ಚಾಲೂ ಆಯಿತು, ಪರದೆ ಬೆಳಗಲಿಲ್ಲ.

ಶೋಭಾ ಅರಭಾವಿಯಲ್ಲಿ ತೋಟಗಾರಿಕೆ ಓದುತ್ತಾಳೆ. ಹುಕ್ಕೇರಿ ಕಡೆಯ, ರೋಗ ತಗುಲಿದ ದಾಳಿಂಬೆ ತೋಟವೊಂದರ ಡ್ರೋನ್ ಫೋಟೊಗಳನ್ನು ಜೋಡಿಸಿ, ಸುತ್ತಲೂ ತಿರುಗಿಸಿ ನೋಡಬಹುದಾದ ಚಿತ್ರ ಮಾಡಿ, ಮರುದಿನ ಪರೀಕ್ಷಕರ ಮುಂದೆ ಇಡಬೇಕಿತ್ತು. ಅಷ್ಟು ಭಾರ ಎಳೆಯುವ ಗ್ರಾಫಿಕ್ಸ್ ಕಾರ್ಡ್ ನನ್ನಲ್ಲಿದೆ ಎಂದೇ ಬಂದಿದ್ದಳು.

“ಕಾಕಾ, ಹಳೇ ಕರ್ನಲ್ ಮ್ಯಾಲೆ ಚಾಲೂ ಮಾಡ್ರಿ. ಅದು ಇರತೈತಲ್ಲ?”

“ಅಳಿಸೇನವಾ.”

“ಅಳಿಸೀರಿ?”

ಅಡುಗೆಮನೆಯಿಂದ ಹೆಂಡತಿ ದನಿ ಸೇರಿಸಿದಳು: “ಹಳೇದು ಕಂಡ್ರ ಒಗದ ಬಿಡತಾರವಾ. ನಾ ಹೆಂಗ ಉಳದೇನೋ ಏನೋ!”

ನಾನು ಕುಳಿತೆ, ಎದ್ದೆ, ಅಂಗಳಕ್ಕೆ ಹೋಗಿ ಬಂದೆ, ಗುಂಡಿ ಒತ್ತಿದೆ, ಮತ್ತೆ ಎದ್ದೆ. ಕರ್ನಲ್ ಬರೆಯುವವರ ನೀತಿ ವಿಚಿತ್ರ. ಹೊರಗಿನ ತಂತ್ರಾಂಶಗಳಿಗೆ ಕೊಟ್ಟ ಮಾತನ್ನು ಅವರು ಮುರಿಯುವುದಿಲ್ಲ. ಒಳಗಿನ ಜೋಡಣೆಯನ್ನು ಮಾತ್ರ ಬೇಕಾದಾಗ ಬದಲಿಸುತ್ತಾರೆ. ಅನೇಕ ಮನೆಗಳೂ ಹೀಗೇ ನಡೆಯುತ್ತವೆ. ಕಾರ್ಡ್ ಮಾಡುವವರು ತಮ್ಮ ಗುಟ್ಟನ್ನು ಬಿಟ್ಟುಕೊಡದೆ, ಅದನ್ನು ನಡೆಸುವ ಡ್ರೈವರ್ ತಂತ್ರಾಂಶವನ್ನು ತಾವೇ ಬರೆಯುತ್ತಾರೆ. ಹೊಸ ಕರ್ನಲ್‌ನ ಒಳಗೆ ಜೋಡಣೆ ಬದಲಾಯಿತು, ಡ್ರೈವರ್ ಹಳೆಯದೇ ಉಳಿಯಿತು. ಕಾಲುವೆಗೆ ಹೊಸ ಗೇಟು ಕೂರಿಸಿ ಹಳೆಯ ಹಿಡಿಕೆ ಹಾಕಿದಂತೆ: ಎಷ್ಟು ತಿರುಗಿಸಿದರೂ ನೀರಿಲ್ಲ.

“ಕಾಕಾ, ತಿರಗ್ಯಾಡೂದ ಬಿಡ್ರಿ. ಕಾರ್ಡ್ ತಗದ ಬಿಡ್ರಿ. ಒಳಗಿನ ಬೋರ್ಡಿನ್ಯಾಗ ಸಾದಾ ಗ್ರಾಫಿಕ್ಸ್ ಇರತೈತಿ.”

ತೆಗೆದೆ. ಪರದೆ ಬೆಳಗಿತು. ಆದರೆ ಚಿತ್ರ ಎತ್ತಿನ ಗಾಡಿಯ ವೇಗದಲ್ಲಿ ಮೂಡತೊಡಗಿತು. ಈ ಲೆಕ್ಕದಲ್ಲಿ ಇಡೀ ತೋಟ ಮಂಗಳವಾರಕ್ಕೂ ಮುಗಿಯುತ್ತಿರಲಿಲ್ಲ.

ಶೋಭಾ ಕುರ್ಚಿ ಎಳೆದು ಪರದೆಯ ಹತ್ತಿರ ಕುಳಿತಳು. “ರೋಗ ಬಿದ್ದ ಸಾಲು ಒಂದ ಸಾಕ್ರಿ. ನಾ ಹೇಳೂದು ಅದರ ಬಗ್ಗೆನ ಅಲ್ಲೇನು?”

ಸಂಜೆಯ ಹೊತ್ತಿಗೆ ಪರದೆಯ ಮೇಲೆ ಆ ಸಾಲು ತಿರುಗಿತು. ಎಲೆಯ ಚುಕ್ಕೆ ಕೂಡ ಕಂಡಿತು. ಇಡೀ ತೋಟವಿದ್ದಿದ್ದರೆ ಪರೀಕ್ಷಕರು ಹಸಿರನ್ನಷ್ಟೇ ಹೊಗಳುತ್ತಿದ್ದರೇನೋ. ಪೆನ್‌ಡ್ರೈವ್ ಹಿಡಿದು ಅವಳು ಬಸ್ಸು ಹತ್ತಿದಳು.

ಅವಳನ್ನು ಕಳುಹಿಸಿ ಮನೆಗೆ ಬಂದರೆ ಮೇಜಿನ ಮೇಲೆ ಕಾರ್ಡ್. ಕೈ ತಡೆಯಲಿಲ್ಲ, ಇನ್ನೊಮ್ಮೆ ಸಿಕ್ಕಿಸಿ ನೋಡೋಣವೆಂದು ಎತ್ತಿದೆ. ಆದರೆ ಹೊಸ ಕರ್ನಲ್‌ಗೆ ಹೊಂದುವ ಡ್ರೈವರ್ ಬರುವುದು ಅದರ ವೇಳೆಗೆ, ನನ್ನ ವೇಳೆಗಲ್ಲ. ಕಾರ್ಡನ್ನು ಮತ್ತೆ ಮೇಜಿನ ಮೇಲಿಟ್ಟು, ಕಂಪ್ಯೂಟರಿನ ಪೆಟ್ಟಿಗೆಗೆ ಮುಚ್ಚಳ ಹಾಕಿ, ಸ್ಕ್ರೂ ಬಿಗಿದು, ಊಟಕ್ಕೆ ಕುಳಿತೆ.